ದನದ ತೊಟ್ಟಿ ಕುರಿಗೆ ಎಟುಕದು

ಮಾನ್ಯ ಸಂಪಾದಕರೇ,

ಬರ ಬಂತೆಂದರೆ ಗೋಶಾಲೆ, ಮೇವು ಬ್ಯಾಂಕ್. ಸರ್ಕಾರದ ಕಣ್ಣಿಗೆ ಜಾನುವಾರು ಎಂದರೆ ಗೂಟಕ್ಕೆ ಕಟ್ಟಿದ ದನ. ಕಡೂರು, ತರೀಕೆರೆ, ಅರಸೀಕೆರೆ ಕಡೆಯ ಕುರುಬರ, ಗೊಲ್ಲರ ಕುರಿಮಂದೆಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮೇವು ಬ್ಯಾಂಕ್‌ನಲ್ಲಿ ಸಿಗುವ ಭತ್ತದ ಹುಲ್ಲು ದನಕ್ಕೆ ಸರಿ. ಕುರಿ ಅದನ್ನು ಮೂಸಿ ಬಿಡುತ್ತದೆ. ಅದಕ್ಕೆ ಬೇಕಾದದ್ದು ಹುರುಳಿ ಹೊಟ್ಟು, ತೊಗರಿ ಹೊಟ್ಟು, ಕಡಲೆಕಾಯಿ ಬಳ್ಳಿ, ಜಾಲಿಕಾಯಿ.

ಮಳೆಯ ಸಾಲು ತಪ್ಪಿರುವ ಈ ಕಾಲದಲ್ಲಿ ಮಂದೆಗೆ ಮೊದಲು ಬೇಕಾದದ್ದು ನೀರು. ಬೇಸಿಗೆಯಲ್ಲಿ ಬೆಳೆದ ಕುರಿಯೊಂದಕ್ಕೆ ದಿನಕ್ಕೆ 5–6 ಲೀಟರ್ ಬೇಕು, ಹಾಲೂಡಿಸುವ ತಾಯಿಕುರಿಗೆ ಇನ್ನೂ ಹೆಚ್ಚು. 200 ಕುರಿಯ ಮಂದೆಗೆ ಸಾವಿರ ಲೀಟರ್ ದಾಟುತ್ತದೆ. ಪಂಚಾಯಿತಿ ಕಟ್ಟಿಸಿದ ತೊಟ್ಟಿಗಳೇನೋ ಇವೆ. ಆದರೆ ಬಹುಪಾಲು ತೊಟ್ಟಿಗಳ ಅಂಚು ನೆಲದಿಂದ ಎರಡು, ಎರಡೂವರೆ ಅಡಿ ಎತ್ತರ. ಕುರಿ ಮುಂಗಾಲನ್ನು ಅಂಚಿನ ಮೇಲಿಟ್ಟು ಕತ್ತು ಚಾಚಬೇಕು. ಹಿಂದಿನವು ನುಗ್ಗಿದರೆ ಮರಿ ತೊಟ್ಟಿಯೊಳಗೇ ಬೀಳುತ್ತದೆ.

ಕುರಿ ತೊಟ್ಟಿಯ ಅಂಚು ಒಂದೇ ಅಡಿ ಎತ್ತರವಿರಲಿ. ಒಳಗಿನ ಅಳತೆ 20 ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಮುಕ್ಕಾಲು ಅಡಿ ಆಳ ಇದ್ದರೆ ಸುಮಾರು 530 ಲೀಟರ್ ಹಿಡಿಯುತ್ತದೆ. ಕುರಿಗೊಂದು ಅಡಿ ಜಾಗದಂತೆ ಎರಡೂ ಬದಿಯಿಂದ 40 ಕುರಿ ಒಮ್ಮೆಗೇ ಕುಡಿಯಬಹುದು. ತೊಟ್ಟಿ ತುಂಬಿದಾಗ ನೀರು ತಾನೇ ನಿಲ್ಲಿಸುವ ಫ್ಲೋಟ್ ವಾಲ್ವ್ ಇರುವ ತುದಿಗೆ ಕಲ್ಲುಚಪ್ಪಡಿ ಮುಚ್ಚಲೇಬೇಕು. ಇಲ್ಲವಾದರೆ ಟಗರು ಗುದ್ದಿ ವಾರದೊಳಗೆ ಮುರಿಯುತ್ತದೆ. ತಳವನ್ನು ಒಂದು ಕಡೆಗೆ ಇಳಿಜಾರು ಮಾಡಿ, ಅಲ್ಲಿ ಎರಡು ಇಂಚಿನ ಕೊಳವೆಗೆ ಬಿರಡೆ ಹಾಕಿದರೆ ಕೆಸರು ತೊಳೆಯುವುದು ಸುಲಭ. ತಿಂಗಳಿಗೊಮ್ಮೆ ನೀರು ಬಸಿದು ಒಳಗೆ ಸುಣ್ಣ ಬಳಿದರೆ ಪಾಚಿ ಕಟ್ಟುವುದು ಕಡಿಮೆ.

ಗುತ್ತಿಗೆದಾರರು ಸಾಮಾನ್ಯವಾಗಿ ಬಿಟ್ಟುಬಿಡುವುದು ಸುತ್ತಲಿನ ಕಲ್ಲುಹಾಸನ್ನು. ಅದು ಆರು ಅಡಿ ಅಗಲಕ್ಕಾದರೂ ಬೇಕು, ಚೆಲ್ಲಿದ ನೀರು ಹರಿದುಹೋಗಲು ಚರಂಡಿಯೂ ಬೇಕು. ನೀರು, ಮಣ್ಣು, ಹಿಕ್ಕೆ ಕಲೆತ ರೊಜ್ಜಿನಲ್ಲೇ ಕ್ಯೂಲಿಕಾಯ್ಡಿಸ್ ಎಂಬ ನುಸಿ ಮೊಟ್ಟೆಯಿಡುತ್ತದೆ. ನೀಲಿ ನಾಲಿಗೆ ರೋಗವನ್ನು ಕುರಿಯಿಂದ ಕುರಿಗೆ ಒಯ್ಯುವುದು ಇದೇ ನುಸಿ. ಬಾಯಿ ಊದಿ, ಜೊಲ್ಲು ಸುರಿದು, ಗೊರಸಿನ ಬುಡ ಕೆಂಪಾಗಿ ಕುಂಟುವ ಕುರಿ ಮೇವು ಬಿಡುತ್ತದೆ. ಕುಂಟು ಕಂಡು ಕಾಲುಬಾಯಿ ಜ್ವರವೆಂದು ಔಷಧಿ ಮಾಡಿ ದಿನ ಕಳೆಯುವವರೇ ಹೆಚ್ಚು.

ಲಸಿಕೆ ಹಾಕುವ ಹೊತ್ತೂ ಬದಲಾಗಬೇಕು. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಹೊಟ್ಟೆ ಬಿರಿಯೆ ಮೇಯ್ದ ಕುರಿಗೆ ಕರುಳುಬೇನೆ ಬರುತ್ತದೆ. ಮೈತುಂಬಿಕೊಂಡ ಮರಿಯೇ ಮೊದಲು ಸಾಯುತ್ತದೆ, ಅದೂ ರಾತ್ರಿ ಬೆಳಗಾಗುವುದರೊಳಗೆ. ಮೊದಲ ಸಲ ಲಸಿಕೆ ಪಡೆಯುವ ಮರಿಗೆ ಎರಡು–ಮೂರು ವಾರ ಬಿಟ್ಟು ಇನ್ನೊಂದು ಡೋಸ್ ಬೇಕು. ಏಪ್ರಿಲ್‌ನಲ್ಲೇ ಮಳೆ ಬೀಳುವ ವರ್ಷ, ಜೂನ್‌ನಲ್ಲಿ ಕೊಟ್ಟ ಲಸಿಕೆಯಿಂದ ಏನು ಪ್ರಯೋಜನ? ಮಾರ್ಚ್ ಕೊನೆಯಲ್ಲಿ ಒಂದು, ಏಪ್ರಿಲ್ ನಡುವೆ ಇನ್ನೊಂದು ಮುಗಿದಿರಬೇಕು. ಇನ್ನು ಕುರಿ, ಮೇಕೆಗಳ ಪ್ಲೇಗ್ ಎನ್ನುವ ಪಿಪಿಆರ್ ರೋಗದ ಲಸಿಕೆ ದ್ರಾವಣದಲ್ಲಿ ಕಲಸಿದ ಮೇಲೆ ಐಸ್‌ನಲ್ಲಿಟ್ಟು ಎರಡು ಗಂಟೆಯೊಳಗೆ ಮುಗಿಯಬೇಕು. ಹನ್ನೊಂದಕ್ಕೆ ಆಸ್ಪತ್ರೆ ಬಾಗಿಲಿಗೆ ಬನ್ನಿ ಎಂದರೆ ಮಂದೆ ಬರುವುದಿಲ್ಲ. ರೊಪ್ಪ (ಕುರಿದೊಡ್ಡಿ) ಬಿಚ್ಚುವ ಮುಂಚೆ, ಬೆಳಿಗ್ಗೆ ಆರಕ್ಕೆ, ಮಂದೆ ಇಳಿದಿರುವ ಹೊಲಕ್ಕೇ ಹೋಗಬೇಕು. ಮಂದೆ ಎಲ್ಲಿದೆ ಎಂಬುದು ಆಯಾ ಊರಿನ ರೈತನಿಗೆ ಗೊತ್ತೇ ಇರುತ್ತದೆ, ಗೊಬ್ಬರಕ್ಕೆಂದು ನಿಲ್ಲಿಸಿಕೊಂಡವನು ಅವನೇ.

ಮಳೆ ಕೈಕೊಟ್ಟಾಗಿನ ಇನ್ನೊಂದು ಅಪಾಯ ಬಾಡಿದ ಎಳೆ ಜೋಳ, ಕೊಯ್ದ ಬುಡದಿಂದ ಏಳುವ ಕೂಳೆ ಚಿಗುರು. ಅದರಲ್ಲಿ ಸಯನೈಡ್ ವಿಷ ಏರಿರುತ್ತದೆ. ಮೇಯ್ದ ಸ್ವಲ್ಪ ಹೊತ್ತಿಗೇ ಕುರಿ ಏದುಸಿರು ಬಿಟ್ಟು, ತೂರಾಡಿ ಬೀಳುತ್ತದೆ. ಬಾಡಿದ ಜೋಳಕ್ಕೆ, ಎಳೆ ಜೋಳಕ್ಕೆ ಮಂದೆ ಬಿಡಲೇಬಾರದು. ಇದಕ್ಕೆ ಸೋಡಿಯಂ ಥಯೋಸಲ್ಫೇಟ್ ಔಷಧಿಯಿದೆ, ಆದರೆ ವೈದ್ಯರು ಬರುವಷ್ಟು ಸಮಯ ಸಿಗುವುದು ಅಪರೂಪ. ಪಶು ಆಂಬುಲೆನ್ಸ್ ಸಹಾಯವಾಣಿ 1962ಕ್ಕೆ ಕರೆ ಮಾಡಿದಾಗ ಊರ ಹೆಸರು ಗೊತ್ತಿಲ್ಲದ ವಲಸೆ ಕುರಿಗಾಹಿ ಹತ್ತಿರದ ಕಿಲೋಮೀಟರ್ ಕಲ್ಲು ನೋಡಿ ಹೇಳಿದರೆ ಗಾಡಿ ಬೇಗ ತಲುಪೀತು.

‘ಮಂದೆ ಬಿಡಿ, ಕೊಟ್ಟಿಗೆಯಲ್ಲೇ ಸಾಕಿ’ ಎಂಬ ಸಲಹೆ ಅಧಿಕಾರಿಗಳ ಬಾಯಲ್ಲಿ ಸಲೀಸಾಗಿ ಬರುತ್ತದೆ. 200 ಕುರಿಗೆ ದಿನಕ್ಕೆ 200 ಕೆ.ಜಿ. ಒಣ ಮೇವು ಬೇಕು. ಒಣಭೂಮಿ ಇರುವವನು, ಭೂಮಿಯೇ ಇಲ್ಲದವನು ಎಲ್ಲಿಂದ ತರಬೇಕು? ಮಳೆ ಬಿದ್ದ ಕಡೆಗೆ ನಡೆಯುವುದೇ ಅವರ ಬರ ನಿರ್ವಹಣೆ. ಅಡಿಕೆ ತೋಟದ ಬೇಲಿ ಬಂಡಿದಾರಿಯನ್ನೂ ನುಂಗಿದರೆ, ಗೋಮಾಳದಲ್ಲಿ ನೀಲಗಿರಿ, ಅಕೇಶಿಯ ನೆಟ್ಟು ಹುಲ್ಲು ಕೊಂದರೆ ಆ ನಡಿಗೆ ನಿಲ್ಲುತ್ತದೆ. ಅಮೃತ್ ಮಹಲ್ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳನ್ನು, ಅಂದರೆ ಕಾವಲುಗಳನ್ನು, ಕುರಿಗೆ ಬಿಟ್ಟುಕೊಡಿ ಎಂಬ ವಾದ ನಮ್ಮದಲ್ಲ; ಅವು ಆ ತಳಿಯ ದನಗಳ ಪಾಲು. ಆದರೆ ಅರಣ್ಯ ಹಕ್ಕು ಕಾಯ್ದೆ, 2006ರ 3(1)(ಡಿ) ಕಲಂ ಪಶುಪಾಲಕರ ಮೇವಿನ ಹಕ್ಕನ್ನೂ ಋತುಮಾನದ ಪ್ರವೇಶವನ್ನೂ ಹೆಸರಿಸಿ ಮಾನ್ಯ ಮಾಡಿದೆ. ಅರಣ್ಯ ಭೂಮಿ ಇರುವೆಡೆ ಅರ್ಜಿ ಹಾಕುವ ದಾರಿ ತೆರೆದಿದೆ.

ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲಾ ಪಂಚಾಯಿತಿಗಳು ಬೇಸಿಗೆಯ ಕುಡಿಯುವ ನೀರಿನ ಯೋಜನೆ ಸಿದ್ಧಪಡಿಸುವಾಗ, ಮಂದೆ ಸಾಗುವ ದಾರಿಯಲ್ಲಿ 8–10 ಕಿ.ಮೀ.ಗೊಂದು ಕುರಿ ತೊಟ್ಟಿ ಸೇರಿಸಲಿ. ಜಾಗ ಗುರುತಿಸುವ ದಿನ ಎಂಜಿನಿಯರ್ ಜೊತೆ ಇಬ್ಬರು ಕುರಿಗಾಹಿಗಳೂ ಇರಲಿ.

ಇಂತಿ,
ಕುರಿಗಾಹಿಗಳ ನಡುವೆ ಕೆಲಸ ಮಾಡುವ ಪಶುವೈದ್ಯ ಸಿಬ್ಬಂದಿ
ಕಡೂರು–ಅರಸೀಕೆರೆ