ಯೆಜ್ಡಿ ಕೊಡಬೇಡಿ ಅಪ್ಪಾ

ಸಗಾಮಿಹಾರಾ, ಜಪಾನ್
18 ಮೇ 2025

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ, ಹುರಿಗಾಳು ಎರಡೂ ಬಂದು ತಲುಪಿದವು. ಈ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪ ಎರಡು ಮಾತಾಡಿ ಫೋನು ಅಮ್ಮನ ಕೈಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ.

ಹೋದ ವಾರ ಅಣ್ಣ ಹೇಳಿದ. ಶೆಡ್ಡಿನಲ್ಲಿರುವ ನಿಮ್ಮ ಹಳೇ ಯೆಜ್ಡಿ ಬೈಕನ್ನು ಯಾರೋ ಕೇಳಿಕೊಂಡು ಬಂದಿದ್ದರಂತೆ. "ಸುಮ್ನೆ ಜಾಗ ಹಿಡಿದಿದೆ, ಕೊಟ್ಟುಬಿಡೋಣ" ಅಂದಿರಂತೆ ನೀವು. ಅಪ್ಪಾ, ದಯವಿಟ್ಟು ಈಗಲೇ ಕೊಡಬೇಡಿ. ಯಾಕೆ ಅಂತ ಹೇಳಬೇಕಾದರೆ ಇಲ್ಲಿಯ ಹಾರ್ಲೆ ಡೇವಿಡ್‌ಸನ್ ಬೈಕುಗಳ ಕಥೆ ಹೇಳಬೇಕು.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಅರವತ್ತರ ಹತ್ತಿರದ ಒಬ್ಬರಿದ್ದಾರೆ. ಅವರ ಹತ್ತಿರ 1990ರ ಇಸವಿಯ ಹಾರ್ಲೆ ಇದೆ. 1340 ಸಿಸಿ, ಮುನ್ನೂರು ಕಿಲೋ ತೂಕ. ನಾನು ಈ ಮನೆಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕಿಟಕಿ ತೆಗೆದೆ. ಅವರು ಹೆಲ್ಮೆಟ್ ಹಾಕಿಕೊಂಡು ಆ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದರು. ಕೆಟ್ಟಿರಬೇಕು ಅಂತ ಓಡಿ ಹೋಗಿ ಹಿಂದಿನಿಂದ ಕೈ ಕೊಟ್ಟೆ. ಕೆಟ್ಟಿರಲಿಲ್ಲ. ಓಣಿಯಲ್ಲಿ ಜನ ಮಲಗಿರುತ್ತಾರೆ, ಶಬ್ದ ಆಗಬಾರದು ಅಂತ ದೊಡ್ಡ ರಸ್ತೆ ಸಿಗುವವರೆಗೆ ತಳ್ಳಿಕೊಂಡೇ ಹೋಗಿ ಅಲ್ಲಿ ಸ್ಟಾರ್ಟ್ ಮಾಡುತ್ತಾರೆ. ವಾಪಸ್ ಬರುವಾಗಲೂ ಅಲ್ಲೇ ಎಂಜಿನ್ ಆರಿಸಿ ತಳ್ಳಿಕೊಂಡು ಬರುತ್ತಾರೆ. ಇಲ್ಲಿ ಹೀಗೆ ಮಾಡುವವರು ಇವರೊಬ್ಬರೇ ಅಲ್ಲ. ಅಷ್ಟು ಭಾರದ ಗಾಡಿಯನ್ನು ಪಕ್ಕದ ಮನೆಯವರ ನಿದ್ದೆಗೋಸ್ಕರ ತಳ್ಳುತ್ತಾರಲ್ಲ! ಅವತ್ತಿನಿಂದ ನನಗೆ ಅವರ ಮೇಲೆ ಬಹಳ ಗೌರವ.

ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ ಎಲ್ಲ ಹುಟ್ಟಿದ್ದು ಇದೇ ದೇಶದಲ್ಲಿ. ಕೆಡದ, ಸೋರದ, ಬೆಣ್ಣೆಯ ಹಾಗೆ ಓಡುವ ಗಾಡಿ ಮಾಡುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಹಾಗಿದ್ದೂ ಇಲ್ಲಿಯ ಸಾವಿರಾರು ಜನ ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿದ, ಗಡಗಡ ನಡುಗುವ ಒಂದು ಗಾಡಿಗೆ ಮನಸ್ಸು ಕೊಟ್ಟಿದ್ದಾರೆ. ಇವರ ಬಾಯಲ್ಲಿ ಅದರ ಹೆಸರು "ಹಾರೇ". ಅಮ್ಮನಿಗೆ ಕೇಳಿಸಿದರೆ ತೋಟದ ಹಾರೆ ಅಂತಲೇ ಅನ್ನಿಸೀತು. ಸಾಲಾಗಿ ನಿಂತ ಹಾರ್ಲೆಗಳನ್ನು ಮೊದಲ ಸಲ ನೋಡಿದಾಗ, ಇದು ಬರೀ ಅಮೆರಿಕದ ಮೋಹ ಅಂದುಕೊಂಡಿದ್ದೆ. ನನ್ನ ಎಣಿಕೆ ತಪ್ಪಾಗಿತ್ತು.

ಈ ನಂಟು ತುಂಬಾ ಹಳೆಯದು. 1930ರ ದಶಕದಲ್ಲೇ ಹಾರ್ಲೆಯಿಂದ ಲೈಸೆನ್ಸ್ ಪಡೆದು ಇಲ್ಲಿ ಗಾಡಿ ಮಾಡುತ್ತಿದ್ದರು. ಅದರ ಹೆಸರು ರಿಕುಓ. ರಿಕು ಅಂದರೆ ನೆಲ, ಓ ಅಂದರೆ ರಾಜ. ಅದನ್ನು ಮಾಡಿಸಿದ್ದು ಸಾನ್‌ಕ್ಯೋ ಎಂಬ ಔಷಧಿ ಕಂಪನಿ! ಯುದ್ಧ ಮುಗಿದ ಮೇಲೂ 1950ರ ದಶಕದ ಕೊನೆಯವರೆಗೆ ರಿಕುಓ ಬರುತ್ತಿತ್ತು. ಜೆಕ್ ದೇಶದ ಜಾವಾ ಬೈಕು ನಮ್ಮ ಮೈಸೂರಿನ ಯಾದವಗಿರಿಗೆ ಬಂದು ಕೊನೆಗೆ ಯೆಜ್ಡಿ ಆಯಿತಲ್ಲ, ಹೆಚ್ಚುಕಡಿಮೆ ಅದೇ ಕಥೆ. ಕೆಳಮನೆಯವರಿಗೆ ನಮ್ಮ ಕಥೆ ಹೇಳಿದೆ. 1961ರಿಂದ ಮೈಸೂರಿನಲ್ಲಿ ಜಾವಾ ಮಾಡುತ್ತಿದ್ದರು ಅಂದಾಗ ಅವರು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿ ಕೂತರು. ಒಂದೇ ಕಡ್ಡಿ ಕಿಕ್ಕರೂ ಹೌದು, ಗೇರೂ ಹೌದು ಅಂದಾಗಲಂತೂ ನಂಬಲೇ ಇಲ್ಲ. ಕಾಗದದ ಮೇಲೆ ಬರೆದು ತೋರಿಸಬೇಕಾಯಿತು.

1983ರಲ್ಲಿ ನಡೆದದ್ದು ಇನ್ನೂ ವಿಚಿತ್ರ. ಆಗ ಜಪಾನಿನ ದೊಡ್ಡ ಬೈಕುಗಳ ಮುಂದೆ ಹಾರ್ಲೆ ಕಂಪನಿ ಮುಳುಗುವ ಹಾಗಿತ್ತು. ಅದನ್ನು ಉಳಿಸಲಿಕ್ಕೆ ಅಮೆರಿಕದ ಅಧ್ಯಕ್ಷ ರೇಗನ್ 700 ಸಿಸಿಗಿಂತ ದೊಡ್ಡ ವಿದೇಶಿ ಬೈಕುಗಳ ಮೇಲೆ ಹೆಚ್ಚುವರಿಯಾಗಿ ಶೇಕಡ 45ರಷ್ಟು ಸುಂಕ ಹಾಕಿದರು. ಪೆಟ್ಟು ಬಿದ್ದಿದ್ದು ಜಪಾನಿಗೆ. ಆರು ವರ್ಷ ಕಳೆದ ಮೇಲೆ, 1989ರಲ್ಲಿ, ಅದೇ ಹಾರ್ಲೆ ಇಲ್ಲಿ ತನ್ನದೇ ಕಂಪನಿ ತೆರೆಯಿತು. ಜನ ಮುನಿಸಿಕೊಳ್ಳಲಿಲ್ಲ. ವರ್ಷದಿಂದ ವರ್ಷಕ್ಕೆ ಜಾಸ್ತಿ ಜನ ಕೊಂಡುಕೊಂಡರು.

ಆದರೆ ಕೊಳ್ಳುವುದಕ್ಕಿಂತ ಓಡಿಸುವ ಲೈಸೆನ್ಸ್ ಸಿಗುವುದೇ ಕಷ್ಟವಾಗಿತ್ತು. ಇಲ್ಲಿ 400 ಸಿಸಿಗಿಂತ ದೊಡ್ಡ ಬೈಕಿಗೆ ಬೇರೆ ಲೈಸೆನ್ಸ್ ಬೇಕು. ಆ ಕಾಲದಲ್ಲಿ ಅದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿರಲಿಲ್ಲ. ನೇರವಾಗಿ ಪೊಲೀಸರ ಪರೀಕ್ಷಾ ಕೇಂದ್ರಕ್ಕೆ ಹೋಗಿ ಒಂದೇ ಸಲಕ್ಕೆ ಓಡಿಸಿ ತೋರಿಸಬೇಕಿತ್ತು. ಪಾಸಾಗುವವರು ತೀರಾ ಕಡಿಮೆ. ಕೆಳಮನೆಯವರು ಒಂಬತ್ತು ಸಲ ಹೋಗಿ ಒಂಬತ್ತನೆಯ ಸಲ ಪಾಸಾದವರು. ಪ್ರತಿ ಸಲವೂ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋಗುತ್ತಿದ್ದರಂತೆ. 1996ರ ಸೆಪ್ಟೆಂಬರಿನಲ್ಲಿ ನಿಯಮ ಬದಲಾಯಿತು. ಸ್ಕೂಲಿನಲ್ಲೇ ಕಲಿತು ಲೈಸೆನ್ಸ್ ಪಡೆಯಬಹುದು ಅಂತಾಯಿತು. ಅಲ್ಲಿಂದ ಹಾರ್ಲೆಗೆ ಬಾಗಿಲು ತೆರೆದ ಹಾಗಾಯಿತು. ನಮ್ಮ ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದೂ 1996ರಲ್ಲೇ ಅಲ್ವಾ ಅಪ್ಪಾ? ಆ ಇಸವಿ ಕೇಳಿದ ಕೂಡಲೇ ನನಗೆ ನೀವು ನೆನಪಾದಿರಿ.

ಆಮೇಲೆ ಇನ್ನೂ ಎರಡು ಬದಲಾವಣೆ ಬಂದವು. 2000ದಲ್ಲಿ ಎಕ್ಸ್‌ಪ್ರೆಸ್‌ವೇನಲ್ಲಿ ಬೈಕಿನ ವೇಗದ ಮಿತಿ 80ರಿಂದ 100 ಕಿಲೋಮೀಟರಿಗೆ ಏರಿತು. 2005ರಿಂದ ಅಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡೂ ಹೋಗಬಹುದು. ಅಲ್ಲಿಯವರೆಗೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇ ಹತ್ತುವಂತೆಯೇ ಇರಲಿಲ್ಲ.

ಅಮ್ಮಾ, ಈಗ ಒಂದು ವಿಷಯ ಹೇಳುತ್ತೇನೆ, ಗಾಬರಿಯಾಗಬೇಡ. ನಾನೂ ಆ ದೊಡ್ಡ ಲೈಸೆನ್ಸ್ ತೆಗೆದುಕೊಂಡೆ. ಚಿಕ್ಕ ಬೈಕಿನ ಲೈಸೆನ್ಸ್ ಮೊದಲೇ ಇತ್ತು, ಹಾಗಾಗಿ 12 ಗಂಟೆ ಕಲಿತರೆ ಸಾಕಾಯಿತು. ಮೊದಲ ಪಾಠ ಏನು ಗೊತ್ತಾ? ನೆಲಕ್ಕೆ ಮಲಗಿಸಿದ ಇನ್ನೂರು ಕಿಲೋ ದಾಟಿದ ಬೈಕನ್ನು ಒಬ್ಬರೇ ಎತ್ತಿ ನಿಲ್ಲಿಸುವುದು. ಕೈಯಿಂದ ಎಳೆದರೆ ಅಲ್ಲಾಡುವುದೂ ಇಲ್ಲ. ಸೊಂಟವನ್ನು ಗಾಡಿಗೆ ತಾಗಿಸಿ, ಮಂಡಿ ಮಡಚಿ, ಕಾಲಿನ ಬಲದಿಂದ ಏಳಬೇಕು. ನನ್ನ ಜೊತೆ ಕಲಿಯುತ್ತಿದ್ದ ಒಬ್ಬ ಹೆಂಗಸು, ಅಮ್ಮನಷ್ಟೇ ಎತ್ತರ, ಎರಡನೇ ಸಲಕ್ಕೆ ಎತ್ತಿ ನಿಲ್ಲಿಸಿದರು.

ಆಮೇಲೆ ಇಪ್ಪೊನ್‌ಬಾಶಿ, ಅಂದರೆ ಒಂಟಿ ಸೇತುವೆ. 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ದಿಂಡಿನ ಮೇಲೆ ಬೈಕು ಓಡಿಸಬೇಕು. ಬೇಗ ದಾಟುವುದಲ್ಲ. ಕಡಿಮೆ ಅಂದರೆ 10 ಸೆಕೆಂಡ್ ಅದರ ಮೇಲೆ ಇರಬೇಕು. ಜೋರಾಗಿ ಹೋಗುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ನಿಧಾನವಾಗಿ ಹೋಗುವುದನ್ನು ಕಲಿಯಬೇಕು ಅಂತ ಮೇಷ್ಟ್ರು ದಿನಾ ಹೇಳುತ್ತಿದ್ದರು. ಅಮ್ಮ, ಇದು ನಿನ್ನ ಸಮಾಧಾನಕ್ಕೆ.

ಹಾರ್ಲೆಯ ಮೇಲಿನ ಪ್ರೀತಿಗೂ ಇದೇ ನಿಧಾನವೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಸಾಧಾರಣ ರಸ್ತೆಯಲ್ಲಿ ಮಿತಿ 60 ಕಿಲೋಮೀಟರ್. ಓಟದ ಬೈಕಿಗೆ ಅಷ್ಟರಲ್ಲಿ ಇನ್ನೂ ಮೈ ಬಿಸಿಯಾಗಿರುವುದಿಲ್ಲ. ಹಾರ್ಲೆ ಅದೇ ಅರವತ್ತರಲ್ಲಿ ತೃಪ್ತಿಯಾಗಿ ಹೋಗುತ್ತದೆ. ಇವರು ಅದಕ್ಕೆ "ತೊಕೋತೊಕೋ" ಅನ್ನುತ್ತಾರೆ. ಇನ್ನೊಂದು ಕಾರಣ ಸೀಟು. ಬೈಕಿನ ಮೇಲೆ ಕೂತಾಗ ಪಾದ ನೆಲಕ್ಕೆ ಎಷ್ಟು ಊರುತ್ತದೆ ಎನ್ನುವುದಕ್ಕೆ ಇವರು "ಆಶಿತ್ಸುಕಿ" ಅನ್ನುತ್ತಾರೆ. ಹೊಸ ಗಾಡಿ ನೋಡಲು ಹೋದವರು ಮೊದಲು ಕೇಳುವುದೇ ಅದನ್ನು. ಎಷ್ಟೋ ಹಾರ್ಲೆಗಳ ಸೀಟು 70 ಸೆಂಟಿಮೀಟರಿನ ಒಳಗೇ ಇರುತ್ತದೆ. ಗಿಡ್ಡಗಿರುವವರಿಗೂ ಎರಡೂ ಪಾದ ಪೂರ್ತಿ ಊರುತ್ತವೆ.

ವಯಸ್ಸೂ ಒಂದು ಕಾರಣ. ಇಲ್ಲಿ ಹೊಸ ಬೈಕು ಕೊಳ್ಳುವವರ ಸರಾಸರಿ ವಯಸ್ಸು 50 ದಾಟಿದೆ. ಇಪ್ಪತ್ತರಲ್ಲಿ ಓಡಿಸಿ, ಮದುವೆ, ಮಕ್ಕಳು, ಮನೆ ಸಾಲ ಅಂತ ಬಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹತ್ತಿದವರು. ಅವರಿಗೆ "ರಿಟರ್ನ್ ರೈಡರ್" ಅಂತಲೇ ಹೆಸರು. ಅಪ್ಪಾ, ಈ ಮಾತು ಕೇಳಿದಾಗಲೂ ನೀವೇ ನೆನಪಾದಿರಿ.

ಇನ್ನು ಅಮ್ಮನಿಗೆ ಹೇಳಲೇಬೇಕಾದ್ದು ಅದರ ಸದ್ದು. ಹಾರ್ಲೆಯ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ನಿಂತಿವೆ. ಎರಡರ ರಾಡುಗಳೂ ಕ್ರ್ಯಾಂಕಿನ ಒಂದೇ ಪಿನ್ನಿಗೆ ಸೇರುತ್ತವೆ. ಹಾಗಾಗಿ ಹೊಡೆತ ಸಮವಾಗಿ ಬೀಳುವುದಿಲ್ಲ. ಒಂದು ಹೊಡೆತ, ಬೇಗನೆ ಇನ್ನೊಂದು, ಆಮೇಲೆ ಸ್ವಲ್ಪ ಬಿಡುವು. ಈ ಸದ್ದನ್ನು ಟ್ರೇಡ್‌ಮಾರ್ಕ್ ಮಾಡಿಸಬೇಕು ಅಂತ ಹಾರ್ಲೆ 1994ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿತ್ತು. ಜಪಾನಿನ ಕಂಪನಿಗಳೂ ಸೇರಿ ವಿರೋಧ ಮಾಡಿದವು, 2000ದಲ್ಲಿ ಹಾರ್ಲೆಯೇ ಅರ್ಜಿ ವಾಪಸ್ ತೆಗೆದುಕೊಂಡಿತು. ಇಲ್ಲಿಯವರು ಆ ಸದ್ದಿಗೆ "ಸಾನ್‌ಬ್ಯೋಶಿ" ಅನ್ನುತ್ತಾರೆ, ಮೂರರ ತಾಳ ಅಂತ.

ಒಂದು ಸಂಜೆ ಕೆಳಮನೆಯವರು ನದಿಯ ದಂಡೆಗೆ ಕರೆದುಕೊಂಡು ಹೋಗಿ ಅದನ್ನು ಕೇಳಿಸಿದರು. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಕಾದರು. ಕಾರ್ಬುರೇಟರಿನ ಪಕ್ಕದ ಸ್ಕ್ರೂವನ್ನು ಒಂದು ಚೂರು ತಿರುಗಿಸಿದರು. ಓಟ ಇಳಿಯಿತು. ಮತ್ತೊಂದು ಚೂರು. ಮುಂದಿನ ಚಕ್ರ ಕಣ್ಣಿಗೆ ಕಾಣುವ ಹಾಗೆ ಅದುರತೊಡಗಿತು. ಆಗ ಬಂತು ನೋಡು, ತಕಿಟ, ತಕಿಟ, ತಕಿಟ. ಅಮ್ಮ, ನೀನು ಸಂಗೀತದ ಮಕ್ಕಳಿಗೆ ತೊಡೆ ತಟ್ಟಿ ಹೇಳಿಕೊಡುತ್ತೀಯಲ್ಲ, ಅದೇ ತಿಶ್ರ. ನಾನೂ ತೊಡೆ ತಟ್ಟಿ ತೋರಿಸಿದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಅರ್ಧ ನಿಮಿಷ ಅಷ್ಟೇ. ಅಷ್ಟು ನಿಧಾನಕ್ಕೆ ಬಿಟ್ಟರೆ ಆಯಿಲ್ ಒತ್ತಡ ಇಳಿದು ಎಂಜಿನ್ನಿಗೆ ಕೆಡುಕು ಅಂತ ಸ್ಕ್ರೂವನ್ನು ಮತ್ತೆ ಮೊದಲಿನ ಜಾಗಕ್ಕೇ ತಂದರು.

ಮನೆಗೆ ಬಂದು ಅವರು ಗಾಡಿ ಒರೆಸುವುದನ್ನು ನೋಡಬೇಕು ಅಪ್ಪಾ. ಸಿಲಿಂಡರಿನ ಫಿನ್ನುಗಳ ಸಂದಿಗೆ ತೆಳ್ಳನೆಯ ಬಟ್ಟೆ ತೂರಿಸಿ, ಎರಡೂ ತುದಿ ಹಿಡಿದು ಆಚೆ ಈಚೆ ಎಳೆಯುತ್ತಾರೆ. ಒಂದು ಫಿನ್ ಆಯಿತೆಂದರೆ ಅದರ ಕೆಳಗಿನದು. ನೀವು ಹಳೇ ಬನಿಯನ್ ಹರಿದು, ಸೀಮೆಎಣ್ಣೆಯಲ್ಲಿ ಅದ್ದಿ, ಯೆಜ್ಡಿಗೆ ಮಾಡುತ್ತಿದ್ದುದೂ ಹೀಗೇ. ನಾನು ಟಾರ್ಚ್ ಹಿಡಿದು ಕೂರುತ್ತಿದ್ದೆ. ಸಾವಿರಾರು ಕಿಲೋಮೀಟರ್ ಆಚೆ ಇನ್ನೊಬ್ಬರ ಕೈಯಲ್ಲಿ ಅದೇ ಕೆಲಸ ನೋಡಿ ನನಗೆ ಗಂಟಲು ಕಟ್ಟಿತು.

ನನ್ನ ಹತ್ತಿರ ಇರುವುದು ಹಾರ್ಲೆ ಅಲ್ಲ, ಹೋಂಡಾ ರೆಬೆಲ್ 250. ಆದರೆ ಆಕಾರ ಅದೇ ಜಾತಿಯದು, ತಗ್ಗಿದ ಸೀಟು, ನೀಳವಾದ ಮೈ. ಇಂಥ ಬೈಕನ್ನು ಯಾವ ಕಂಪನಿ ಮಾಡಿದರೂ ಇಲ್ಲಿ "ಅಮೆರಿಕನ್" ಅಂತಲೇ ಕರೆಯುತ್ತಾರೆ. ಈ ತಿಂಗಳ ಮೊದಲ ವಾರ ರಜೆ ಇತ್ತು. ಕೆಳಮನೆಯವರ ಹಿಂದೆ ಹಿಂದೆಯೇ ದೋಶಿ ರಸ್ತೆಯಲ್ಲಿ ಯಮನಕಾ ಸರೋವರದವರೆಗೆ ಹೋಗಿ ಬಂದೆ. ನಮ್ಮ ಊರಿಂದಲೇ ಬೆಟ್ಟ ಹತ್ತುವ ರಸ್ತೆ ಅದು. ಎದುರಿಗೆ ಬರುವ ಬೈಕಿನವರೆಲ್ಲ ಎಡಗೈ ಎತ್ತಿ ನಮಸ್ಕಾರ ಹೇಳುತ್ತಾರೆ. ದಾರಿಯಲ್ಲಿ ದೋಶಿ ಹಳ್ಳಿ. ಅಲ್ಲಿಯ ಕಾಡಿನ ಒಂದು ಭಾಗ ಯೊಕೊಹಾಮಾ ನಗರಸಭೆಯದು, ಕುಡಿಯುವ ನೀರು ಕಾಪಾಡಲಿಕ್ಕೆ ಅಂತ ನೂರು ವರ್ಷದಿಂದ ಇಟ್ಟುಕೊಂಡಿದ್ದಾರೆ. ರಸ್ತೆ ಬದಿಯ ತಂಗುದಾಣದಲ್ಲಿ ಬೈಕೋ ಬೈಕು. ತಣ್ಣಗೆ ಹರಿಯುವ ನೀರಿನಲ್ಲಿ ಬೆಳೆಯುವ ಕ್ರೆಸನ್ ಸೊಪ್ಪು ಅಲ್ಲಿ ಪ್ರಸಿದ್ಧ. ತಿಂದರೆ ಸ್ವಲ್ಪ ಖಾರ.

ಹೋದ ಡಿಸೆಂಬರಿನಲ್ಲಿ ಯೊಕೊಹಾಮಾದ ಕಸ್ಟಮ್ ಶೋಗೂ ಹೋಗಿದ್ದೆ. 1992ರಿಂದ ನಡೆಯುತ್ತಿದೆ. ಹಾರ್ಲೆಯ ಹಳೇ ಎಂಜಿನ್ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೈಯಿಂದಲೇ ಮಾಡಿದ ಗಾಡಿಗಳು ಅಲ್ಲಿದ್ದವು. ಒಕಾಝಾಕಿ ಎಂಬ ಊರಿನಲ್ಲಿ ಶಿನ್ಯಾ ಕಿಮುರಾ ಅವರು ಝೀರೋ ಎಂಜಿನಿಯರಿಂಗ್ ಎಂಬ ಕಾರ್ಖಾನೆ ಶುರುಮಾಡಿ, ಕ್ರೋಮ್ ಹೊಳಪನ್ನೆಲ್ಲ ತೆಗೆದು, ಲೋಹವನ್ನು ಲೋಹದ ಬಣ್ಣದಲ್ಲೇ ಬಿಟ್ಟು ಗಾಡಿ ಕಟ್ಟುತ್ತಿದ್ದರು. ಅವರು 2006ರಲ್ಲಿ ಕ್ಯಾಲಿಫೋರ್ನಿಯಾಕ್ಕೇ ಹೋಗಿ ನೆಲೆಸಿದರು. ಈಗ ಅಮೆರಿಕದವರು ಇವರ ಕೆಲಸ ನೋಡಿ ಕಲಿಯುತ್ತಿದ್ದಾರೆ. ನನಗೆ ಎಲ್ಲಕ್ಕಿಂತ ಹೆಮ್ಮೆ ಅನ್ನಿಸಿದ್ದು ಇದು.

ಕೆಳಮನೆಯವರಿಗೆ ನಮ್ಮ ಯೆಜ್ಡಿಯ ಫೋಟೋ ತೋರಿಸಿದ್ದೇನೆ. ನಾನು ಟ್ಯಾಂಕಿನ ಮೇಲೆ ಕೂತಿರುವುದು, ಅಮ್ಮ ಹಿಂದೆ ಮಲ್ಲಿಗೆ ಮುಡಿದು ಕೂತಿರುವುದು, ಅದೇ ಫೋಟೋ. ಅವರು ಮೊದಲು ಕೇಳಿದ್ದು "ಈಗ ಎಲ್ಲಿದೆ?" ಅಂತ. ಶೆಡ್ಡಿನಲ್ಲಿದೆ ಅಂದೆ. ಎಂಜಿನ್ ಹಿಡಿದುಕೊಂಡಿದೆಯಾ, ಪಿಸ್ಟನ್ ಆಡುತ್ತಾ ಅಂತ ಕೇಳಿದರು. ಉತ್ತರ ಹೇಳಲಾಗಲಿಲ್ಲ.

ಆದ್ದರಿಂದ ಅಪ್ಪಾ, ಒಂದು ಕೆಲಸ ಮಾಡಿ. ಮುಂಗಾರು ಹಿಡಿಯುವ ಮೊದಲು ಅಣ್ಣನಿಗೆ ಹೇಳಿ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಸಿ. ಟ್ಯಾಂಕಿನ ಹಳೇ ಪೆಟ್ರೋಲು ಚೆಲ್ಲಿಸಿ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇಡಿ. ಆಮೇಲೆ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ, ಕಾಲಿನಿಂದ ಒದೆಯಬೇಡಿ. ಪಿಸ್ಟನ್ ಆಡಿದರೆ ನನಗೆ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಸರಿ. ದಸರಾಕ್ಕೆ ಬರುತ್ತೇನೆ. ಟಾರ್ಚ್ ನಾನೇ ಹಿಡಿಯುತ್ತೇನೆ.

ಅಮ್ಮನಿಗೆ, ಅಣ್ಣ ಅತ್ತಿಗೆಗೆ, ಪುಟ್ಟಿಗೆ ನೆನಪುಗಳು.

ನಿಮ್ಮ ಮಗ