ವಿಎಂನಲ್ಲಿ ನೆಟ್‌ವರ್ಕ್ ನಿಧಾನವಾದರೆ ಮೊದಲು ಟೈಮರ್ ನೋಡಿ

ಎಲ್ಲರ ಗಮನಕ್ಕೆ. ವಿಎಂ (ವರ್ಚುವಲ್ ಮಷಿನ್, ಅಂದರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ನಡೆಸುವ ಇನ್ನೊಂದು ಕಂಪ್ಯೂಟರ್) ಒಳಗೆ ನೆಟ್‌ವರ್ಕ್ ಎಳೆದಾಡುತ್ತಿದ್ದರೆ ಸುಮ್ನೆ ಕೇಬಲ್, ಸ್ವಿಚ್ ಬದಲಿಸಲು ಹೋಗಬೇಡಿ. ಮೊದಲು ಕ್ಲಾಕ್‌ಸೋರ್ಸ್, ಅಂದರೆ ಸಿಸ್ಟಂ ಸಮಯ ಓದಲು ಬಳಸುವ ಟೈಮರ್, ಯಾವುದಿದೆ ನೋಡಿ. ಲಿನಕ್ಸ್‌ನಲ್ಲಿ ಸಿಸ್‌ಎಫ್‌ಎಸ್ (/sys ಫೋಲ್ಡರ್) ಒಳಗಿನ 'ಕರೆಂಟ್ ಕ್ಲಾಕ್‌ಸೋರ್ಸ್' (current_clocksource) ಫೈಲ್ ಓದಿದರೆ ಗೊತ್ತಾಗುತ್ತದೆ.

ಟಿಎಸ್‌ಸಿ (ಸಿಪಿಯು ಒಳಗಿನ ಎಣಿಕೆ) ಅಥವಾ ಕೆವಿಎಂ-ಕ್ಲಾಕ್ (ಕೆವಿಎಂ ವಿಎಂಗಳಿಗೆ ಕೊಡುವ ಗಡಿಯಾರ) ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಎಚ್‌ಪಿಇಟಿ ಅಥವಾ ಎಸಿಪಿಐ-ಪಿಎಂ (ಸಿಪಿಯು ಹೊರಗಿನ ನಿಧಾನದ ಟೈಮರ್‌ಗಳು) ಬಂದು ಕೂತಿದ್ದರೆ ಅನುಮಾನ ಪಡಿ. ಆಗ ಸಮಯ ಕೇಳಿದಾಗಲೆಲ್ಲ ಗೆಸ್ಟ್ (ವಿಎಂ) ಬಿಟ್ಟು ಹೈಪರ್‌ವೈಸರ್‌ಗೆ (ವಿಎಂ ನಡೆಸುವ ಸಾಫ್ಟ್‌ವೇರ್) ಹೋಗಿ ಬರಬೇಕು. ಪ್ಯಾಕೆಟ್ ಜಾಸ್ತಿಯಾದಷ್ಟೂ ಸಮಯ ಕೇಳುವುದೂ ಜಾಸ್ತಿ, ಸಿಪಿಯು ಈ ಓಡಾಟಕ್ಕೇ ಖರ್ಚಾಗುತ್ತದೆ. ಹೀಗೇಕಾಯಿತು ಅಂತ ಡಿಮೆಸೇಜ್‌ನಲ್ಲಿ (dmesg, ಕರ್ನಲ್ ಅಂದರೆ ಲಿನಕ್ಸ್‌ನ ತಿರುಳಿನ ಸಂದೇಶಗಳನ್ನು ತೋರಿಸುವ ಕಮಾಂಡ್) ಹುಡುಕಿ. 'ಟಿಎಸ್‌ಸಿ ಅನ್‌ಸ್ಟೇಬಲ್' ಅನ್ನೋ ಸಾಲು ಸಿಕ್ಕರೆ, ಕರ್ನಲ್ ತಾನೇ ಅದನ್ನು ಕೈಬಿಟ್ಟಿದೆ ಎಂದರ್ಥ.

ಟಾಪ್ (top) ಕಮಾಂಡ್‌ನಲ್ಲಿ ಸ್ಟೀಲ್ ಟೈಮ್ (st, ವಿಎಂ ಸಿಪಿಯುಗಾಗಿ ಕಾದ ಸಮಯ) ಕೂಡ ನೋಡಿ. ಅದು ಏರಿದ್ದರೆ ವಿಸಿಪಿಯುಗೆ (ವಿಎಂನ ಸಿಪಿಯು) ಸರದಿ ಸಿಗುತ್ತಿಲ್ಲ, ಟೈಮರ್‌ಗಳು ತಡವಾಗಿ ಏಳುತ್ತವೆ.

ಇನ್ನೊಂದು ಮಾತು. ಗೆಸ್ಟ್ ಒಳಗಿನ ಪಿಂಗ್ ಒಂದನ್ನೇ ನಂಬಬೇಡಿ. ಅನುಮಾನ ಇರುವ ಗಡಿಯಾರದಿಂದಲೇ ಅಳೆದರೆ ಹೇಗೆ, ಅಲ್ವಾ? ಹೋಸ್ಟ್‌ನಲ್ಲೂ (ವಿಎಂ ಓಡುವ ನಿಜವಾದ ಕಂಪ್ಯೂಟರ್) ಟಿಸಿಪಿಡಂಪ್ (ಪ್ಯಾಕೆಟ್‌ಗಳನ್ನು ಸಮಯದ ಜೊತೆ ದಾಖಲಿಸುವ ಕಮಾಂಡ್) ಹಾಕಿ, ಎರಡು ಕಡೆಯದನ್ನೂ ಹೋಲಿಸಿ. ಸುಮಾರು 200 ಮಿಲಿಸೆಕೆಂಡ್ ಬಿಡುವಿನ ನಂತರ ಅದೇ ಪ್ಯಾಕೆಟ್ ಮತ್ತೆ ಹೋಗುತ್ತಿದ್ದರೆ ಅದು ಟಿಸಿಪಿ ಮರುರವಾನೆ, ಅಂದರೆ ಉತ್ತರ ಬರದ ಪ್ಯಾಕೆಟ್ ಅನ್ನು ಮತ್ತೆ ಕಳಿಸುವುದು. ಆಗ ಪ್ಯಾಕೆಟ್ ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕಿ. ಗುಂಪಿನಲ್ಲಿ ಕೇಳುವಾಗ ಕ್ಲಾಕ್‌ಸೋರ್ಸ್, ಡಿಮೆಸೇಜ್, ಟಾಪ್, ಟಿಸಿಪಿಡಂಪ್ ಈ ನಾಲ್ಕರ ಔಟ್‌ಪುಟ್ ದಯವಿಟ್ಟು ಜೊತೆಗೇ ಹಾಕಿ.