ಜೂನ್ 26ರ ರಾತ್ರಿ ನಮ್ಮ ಜೊತೆ ಎಚ್ಚರವಿದ್ದ ಎಲ್ಲರಿಗೂ

ಜಾಗರಣೆ ಚೆನ್ನಾಗಿ ನಡೆಯಿತು. ದೇವರಿಗೆ ಸ್ತೋತ್ರ. ಚಿತ್ರಹಿಂಸೆಗೆ ಒಳಗಾದವರಿಗಾಗಿ, ಗಲ್ಲಿನ ನೆರಳಲ್ಲಿ ಬದುಕುತ್ತಿರುವವರಿಗಾಗಿ ಒಂದಿಡೀ ರಾತ್ರಿ ಪ್ರಾರ್ಥನೆ ಮಾಡಬೇಕು ಅನ್ನುವುದು ನಮ್ಮ ಸಣ್ಣ ಗುಂಪಿನ ತುಂಬಾ ದಿನದ ಆಸೆ. ಈ ವರ್ಷ ಕೈಗೂಡಿತು. ಅರ್ಧ ರಾತ್ರಿಗೆ ಎಲ್ಲರೂ ಎದ್ದು ಹೋಗುತ್ತಾರೆ ಅಂತ ಕೆಲವರು ಹೇಳಿದ್ದರು. ಬೆಳಗಿನ ಪೂಜೆಗೆ ಗಂಟೆ ಹೊಡೆದಾಗಲೂ ಬೆಂಚುಗಳಲ್ಲಿ ಜನ ಇದ್ದರು. ಅವರಿಗೆಲ್ಲ ಧನ್ಯವಾದ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಈ ಜಾಗರಣೆಯ ಯೋಚನೆ ನಮ್ಮದಲ್ಲ. ಫ್ರಾನ್ಸ್‌ನಲ್ಲಿ ಅಕಾಟ್ ಎಂಬ, ಚಿತ್ರಹಿಂಸೆಯನ್ನು ವಿರೋಧಿಸುವ ಕ್ರೈಸ್ತರ ಸಂಘಟನೆ ಇದೆ. ವಿಯೆಟ್ನಾಂನ ಜೈಲುಗಳಲ್ಲಿ ಏನು ನಡೆಯುತ್ತಿದೆ ಅಂತ ಟುಲ್ಲಿಯೋ ವಿನಾಯ್ ಎಂಬ ಇಟಲಿಯ ಪಾಸ್ಟರ್ ಹೇಳಿದ್ದನ್ನು ಕೇಳಿ, ಎಲೆನ್ ಎಂಜೆಲ್ ಮತ್ತು ಎಡಿತ್ ದ್ಯು ತೆರ್ತ್ರ ಎಂಬ ಇಬ್ಬರು ಹೆಂಗಸರು 1974ರಲ್ಲಿ ಅದನ್ನು ಶುರು ಮಾಡಿದರು. ಇಬ್ಬರೂ ಪ್ರಾಟೆಸ್ಟೆಂಟರು. ಆಮೇಲೆ ಕ್ಯಾಥೋಲಿಕರು, ಆರ್ಥೊಡಾಕ್ಸ್‌ನವರು ಎಲ್ಲರೂ ಸೇರಿದರು. ಕೈದಿಗಳ ಹೆಸರು ಹಿಡಿದು ಪ್ರಾರ್ಥಿಸುವುದು, ಅವರ ಪರವಾಗಿ ಸರ್ಕಾರಗಳಿಗೆ ಪತ್ರ ಬರೆಯುವುದು, ಮುಖ್ಯವಾಗಿ ಇದೇ ಕೆಲಸ. ನಾವೂ ಅದನ್ನೇ ಮಾಡಿದೆವು. ಪಕ್ಕದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಪ್ರಾಟೆಸ್ಟೆಂಟ್ ಚರ್ಚಿನವರು ತಮ್ಮ ಗಾಯನ ಮಂಡಳಿಯನ್ನೇ ಕರೆದುಕೊಂಡು ಬಂದರು. ಅವರಿಲ್ಲದಿದ್ದರೆ ರಾತ್ರಿ ಎರಡರಿಂದ ನಾಲ್ಕರವರೆಗಿನ ಹೊತ್ತು ತುಂಬಾ ಕಷ್ಟವಾಗುತ್ತಿತ್ತು.

ಎಲ್ಲಿಯದೋ ದೇಶದ ಕೈದಿಗಳು ನಮಗ್ಯಾಕೆ ಅಂತ ಕೇಳಿದವರಿಗೆ ನಾನು ಹೇಳಿದ್ದು ನಮ್ಮ ಮಲೆ ಮಹದೇಶ್ವರ ಬೆಟ್ಟದ ಕಾಡಿನ ಕಥೆ. ನನ್ನ ತಾಯಿಯ ಊರು ಆ ಕಡೆಯದು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ವೀರಪ್ಪನ್ ಕಡೆಯವರು ನೆಲಬಾಂಬ್ ಇಟ್ಟು 22 ಜನರನ್ನು ಕೊಂದರು. ಆ ಕೇಸಿನಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾನೂನಿನ) ಕೋರ್ಟು ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಲ್ಲು ಶಿಕ್ಷೆಯಾಗಿ ಹೆಚ್ಚಿಸಿತು. ಆ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಕ್ಷಮಾದಾನದ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರು. 2013ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕಾರವಾಯಿತು. 2014ರ ಜನವರಿ 21ರಂದು, ಇಷ್ಟು ವರ್ಷ ಕಾಯಿಸಿದ್ದೇ ದೊಡ್ಡ ಹಿಂಸೆ ಅಂತ ಹೇಳಿ ಅದೇ ಸುಪ್ರೀಂ ಕೋರ್ಟು ಇನ್ನೂ 11 ಜನರ ಜೊತೆ ಇವರ ಗಲ್ಲನ್ನೂ ಜೀವಾವಧಿಗೆ ಇಳಿಸಿತು.

ಅದೇ ಕಾಡಿನಲ್ಲಿ ಇನ್ನೊಂದೂ ನಡೆದಿತ್ತು. ವೀರಪ್ಪನ್‌ಗೆ ಅಕ್ಕಿ ಕೊಟ್ಟರು, ಸುದ್ದಿ ಕೊಟ್ಟರು ಅಂತ ಪೊಲೀಸರು ಹಳ್ಳಿಯವರನ್ನು ಹಿಡಿದುಕೊಂಡು ಹೋಗಿ ಕರೆಂಟ್ ಶಾಕ್ ಕೊಟ್ಟ, ತೂಗುಹಾಕಿ ಹೊಡೆದ ದೂರುಗಳು. ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿ ವಿಚಾರಣೆ ಮಾಡಿಸಿತು. 2007ರಲ್ಲಿ 89 ಜನರಿಗೆ ಪರಿಹಾರ ಕೊಡಿ ಅಂತ ಹೇಳಿತು. ಸತ್ತವರು, ಹಿಂಸೆ ತಿಂದವರು, ಗಲ್ಲಿಗೆ ಕಾದವರು, ಎಲ್ಲರೂ ಒಂದೇ ಕಾಡಿನ ಸುತ್ತಮುತ್ತ.

ಇಲ್ಲಿ ಒಬ್ಬರಿಗೆ ವಿಶೇಷವಾಗಿ ಕೃತಜ್ಞತೆ ಹೇಳಬೇಕು. ಅವರು ನಿವೃತ್ತ ಪೊಲೀಸರು, ನಮ್ಮ ಧರ್ಮಕೇಂದ್ರದ ಹಿರಿಯರು, ಆ ಕಾಡಿನಲ್ಲಿ ಡ್ಯೂಟಿ ಮಾಡಿದವರು. ನಮ್ಮ ಕರಪತ್ರ ಓದಿ ಸಿಟ್ಟಿನಿಂದಲೇ ಬಂದರು. "ಕೊಂದವರಿಗೆ ಪ್ರಾರ್ಥನೆ ಮಾಡ್ತೀರಿ, ಸತ್ತವರ ಮನೆಯವರನ್ನ ಯಾರಾದರೂ ಕೇಳಿದ್ರಾ?" ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಅದಕ್ಕೇ ರಾತ್ರಿಯ ಮೊದಲ ಗಂಟೆಯನ್ನು ಪಾಲಾರ್‌ನಲ್ಲಿ ಸತ್ತವರಿಗೆ, ಅವರ ಹೆಂಡತಿ ಮಕ್ಕಳಿಗೆ ಮೀಸಲಿಟ್ಟೆವು. ಅಂಕಲ್, ಗಲ್ಲು ಬೇಕು ಅನ್ನುವ ನಿಮ್ಮ ಮಾತು ಬದಲಾಗಿಲ್ಲ ಅಂತ ನನಗೆ ಗೊತ್ತು, ಆದರೂ ನೀವು ಕೊನೆಯವರೆಗೂ ಕೂತಿರಿ, ಹಿಂಡಲಗಾದಲ್ಲಿ ಕಾದವರ ಸರದಿ ಬಂದಾಗಲೂ ಎದ್ದು ಹೋಗಲಿಲ್ಲ. ಆ ರಾತ್ರಿಗೆ ತೂಕ ಬಂದಿದ್ದೇ ನಿಮ್ಮಿಂದ.

ಫಾದರ್ ಅವರ ಪ್ರಬೋಧನೆಗೂ ನಾನು ಋಣಿ. ನಮ್ಮ ಧರ್ಮಸಭೆಯ ತಪ್ಪನ್ನು ಅವರು ಮುಚ್ಚಿಡಲಿಲ್ಲ. 1252ರಲ್ಲಿ ನಾಲ್ಕನೇ ಇನೊಸೆಂಟ್ ಪೋಪರೇ ಚಿತ್ರಹಿಂಸೆಗೆ ಅನುಮತಿ ಕೊಟ್ಟಿದ್ದರು, ವ್ಯಾಟಿಕನ್ ಕಾನೂನಿನಲ್ಲೇ 1969ರವರೆಗೆ ಮರಣದಂಡನೆ ಇತ್ತು ಅಂತ ನೇರವಾಗಿ ಹೇಳಿದರು. ಯಾವ ಅಪರಾಧಕ್ಕೂ ಮರಣದಂಡನೆಯನ್ನು ಒಪ್ಪಲು ಆಗುವುದಿಲ್ಲ ಅಂತ ಪೋಪ್ ಫ್ರಾನ್ಸಿಸ್ ಕ್ಯಾಥೋಲಿಕರ ಧರ್ಮೋಪದೇಶದ ಗ್ರಂಥವನ್ನು ತಿದ್ದಿಸಿದ್ದು 2018ರಲ್ಲಿ, ಅಂದರೆ ನಿನ್ನೆ ಮೊನ್ನೆ. ಚಾಟಿಯೇಟು ತಿಂದು, ಸರ್ಕಾರದ ಕೈಯಲ್ಲೇ ಸತ್ತ ಯೇಸುಸ್ವಾಮಿಯನ್ನು ಪೂಜಿಸುವ ನಮಗೆ ಇಷ್ಟು ತಡವಾಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಜೈಲಿಗೆ ಹೋಗಿ ಬರುವ ಸಿಸ್ಟರ್‌ಗಳಿಗೆ, ಕೇಸಿನ ವಿಷಯವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದ ವಕೀಲರಿಗೆ, ರಾತ್ರಿಯೆಲ್ಲ ಕಾಫಿ ಕೊಟ್ಟು ಬೆಳಗ್ಗೆ ಬಿಸಿ ಬಿಸಿ ಉಪ್ಪಿಟ್ಟು ಬಡಿಸಿದ ಮಹಿಳಾ ಸಂಘದವರಿಗೆ, ಮೈಕ್ ಸೆಟ್ಟಿಗೆ ದುಡ್ಡು ತಗೊಳ್ಳದ ಅಣ್ಣನಿಗೆ, ಎಲ್ಲರಿಗೂ ವಂದನೆಗಳು. ಯುವಕರಿಗೆ ಬೇರೆ ಹೇಳಬೇಕಾ? ಕುರ್ಚಿ ಎತ್ತಿದ್ದರಿಂದ ಹಿಡಿದು ಕಸ ಗುಡಿಸಿದ್ದರವರೆಗೆ ಅವರದೇ.

ಇನ್ನು ನಾವು ಸಂಸದರಿಗೆ ಬರೆದ ಪತ್ರದ ವಿಷಯ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿದ್ದು 1997ರಲ್ಲಿ. ಅದನ್ನು ಅನುಮೋದಿಸುವುದು ಇವತ್ತಿಗೂ ಬಾಕಿ ಇದೆ. ಅನುಮೋದಿಸಿ, ಕಾನೂನು ಮಾಡಿ ಅಂತ 2017ರಲ್ಲಿ ಕಾನೂನು ಆಯೋಗವೇ ಕರಡು ಮಸೂದೆ ಸಮೇತ ವರದಿ ಕೊಟ್ಟಿದೆ. ನಮ್ಮ ಪತ್ರದಲ್ಲಿ ಕೇಳಿರುವುದು ಅದನ್ನೇ. ಅವತ್ತು ಸಹಿ ಹಾಕಲು ಆಗದವರಿಗಾಗಿ ಪತ್ರವನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಇಟ್ಟಿದ್ದೇವೆ, ಭಾನುವಾರ ಎರಡನೇ ಪೂಜೆಯಾದ ಮೇಲೆ ಬಂದು ಹಾಕಿ. ಸೋಮವಾರ ಅಂಚೆಗೆ ಹಾಕುತ್ತೇವೆ.